ಇಳಿಜಾರಿನ ಲೆಕ್ಕ

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು. ಅದು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಮಾರ್ಪಡುತ್ತದೆ, ಅಷ್ಟೆ. ತಾಳವಾಡಿ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯನಾಗಿ ಈ ವಾಕ್ಯವನ್ನು ನಾನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿರುವೆನೋ ಲೆಕ್ಕವಿಲ್ಲ. ಅದರ ಅರ್ಥ ನನಗೆ ಮನದಟ್ಟಾದುದು ಮಾತ್ರ ತರಗತಿಯಲ್ಲಲ್ಲ, ದಿಂಬಂ ಘಟ್ಟದ ಇಳಿಜಾರಿನಲ್ಲಿ.

ಮಕ್ಕಳಿಗೆ ನಾನು ಕೊಡುತ್ತಿದ್ದ ಉದಾಹರಣೆ ಉಯ್ಯಾಲೆಯದು. ತುದಿಗೇರಿ ಕ್ಷಣಕಾಲ ನಿಂತಾಗ ಅದರಲ್ಲಿರುವುದು ಪ್ರಚ್ಛನ್ನ ಶಕ್ತಿ; ಕೆಳಗಿಳಿದು ರಭಸದಿಂದ ಹಾಯುವಾಗ ಚಲನಶಕ್ತಿ. ಒಂದು ಕುಗ್ಗಿದಷ್ಟು ಇನ್ನೊಂದು ಹಿಗ್ಗುತ್ತದೆ, ಮೊತ್ತ ಬದಲಾಗದು. ಒಮ್ಮೆ ಮನೆಯಲ್ಲಿ ಇದನ್ನು ವಿವರಿಸಿದಾಗ ನಮ್ಮವ್ವ ನಕ್ಕು, “ಹುಣಸೆಮರದ ಉಯ್ಯಾಲೆಲಿ ನಿನ್ನ ತಳ್ಳಿ ತಳ್ಳಿ ನನ್ನ ತೋಳು ಬಿದ್ದೋಗ್ತಿತ್ತಲ್ಲ ಮಗಾ, ಅದೆಲ್ಲ ಎಲ್ಲಿಗೋಯ್ತು?” ಎಂದು ಕೇಳಿದಳು. “ಗಾಳಿಯ ತಡೆ, ಹಗ್ಗದ ಘರ್ಷಣೆ” ಎಂದಷ್ಟೇ ಹೇಳಿ ಸುಮ್ಮನಾದೆ. ಘರ್ಷಣೆಯನ್ನು ಲೆಕ್ಕದಿಂದ ಬಿಟ್ಟು ಪಾಠ ಹೇಳಿಯೇ ನನಗೆ ರೂಢಿ!

ಕೆಲವು ವರ್ಷಗಳ ಹಿಂದೆ ಅವ್ವನ ಕಣ್ಣು ತೋರಿಸಲು ಸತ್ಯಮಂಗಲಕ್ಕೆ ಹೊರಟಿದ್ದೆವು. ಹಾಸನೂರು ದಾಟಿ ದಿಂಬಂ ತಲುಪಿದರೆ, ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು. ಇಳಿಜಾರಿನಲ್ಲಿ ಇಂಜಿನ್ನಿಗೇಕೆ ಕೆಲಸ, ಪೆಟ್ರೋಲಾದರೂ ಉಳಿಯಲಿ ಎಂಬ ಜಾಣತನದಿಂದ ನಾನು ಹಳೆಯ ಕಾರನ್ನು ನ್ಯೂಟ್ರಲಿನಲ್ಲಿ ಬಿಟ್ಟು, ಬ್ರೇಕ್ ಒತ್ತುತ್ತಲೇ ಇಳಿಸತೊಡಗಿದೆ. ಅರ್ಧ ದಾರಿ ಕಳೆದಿರಬಹುದು. “ಏನೋ ಕಮಟು ವಾಸ್ನೆ ಕಣ್ ಮಗಾ” ಎಂದಳು ಅವ್ವ. ಮುಂದಿನ ತಿರುವಿನಲ್ಲಿ ಪೆಡಲು ಮೆತ್ತಗೆ ಒಳಕ್ಕಿಳಿಯಿತು, ಕಾರು ನಿಲ್ಲಲಿಲ್ಲ. ಹೇಗೋ ಗೇರಿಗೆ ತಳ್ಳಿ, ಕೈಬ್ರೇಕ್ ಎಳೆದು, ಬೆಟ್ಟದ ಬದಿಯ ಮಣ್ಣಿಗೆ ಗಾಲಿ ತಾಗಿಸಿ ನಿಲ್ಲಿಸಿದೆ. ಅವ್ವ ಬಣ್ಣಾರಿ ಅಮ್ಮನನ್ನು ನೆನೆಯುತ್ತಿದ್ದಳು. ನನ್ನ ಕೈ ನಡುಗುತ್ತಿತ್ತು.

ಹಿಂದೆ ಬಂದ ಲಾರಿಯ ಚಾಲಕರು ಇಳಿದು ಬಂದು, ಗಾಲಿಗಳಿಗೆ ನೀರು ಸುರಿಯಹೊರಟ ನನ್ನನ್ನು ತಡೆದರು. “ಕಾದ ಕಬ್ಬಿಣಕ್ಕೆ ನೀರು ಬಿದ್ರೆ ಬಿರುಕು ಬಿಡ್ತದೆ ಸಾರ್. ತಾನಾಗೇ ಆರಲಿ. ಹತ್ತೋ ಗೇರಲ್ಲೇ ಇಳೀಬೇಕು” ಎಂದರು. ವಿಜ್ಞಾನದ ಮೇಷ್ಟರೆಂದು ಹೇಳಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ಆ ರಾತ್ರಿ ಕಾಗದ ತೆಗೆದು ಲೆಕ್ಕ ಹಾಕಿದೆ. ಒಂದು ಟನ್ ತೂಕದ ಕಾರು ವೇಗ ಹೆಚ್ಚಿಸಿಕೊಳ್ಳದೆ 100 ಮೀಟರ್ ಎತ್ತರವನ್ನು ಇಳಿದರೆ ಬಿಟ್ಟುಕೊಡುವ ಶಕ್ತಿ ಸುಮಾರು 10 ಲಕ್ಷ ಜೂಲ್. ತಣ್ಣೀರು 3 ಲೀಟರಿನಷ್ಟನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಹತ್ತು ಟನ್ನಿನ ಬಸ್ಸಾದರೆ ಎರಡು ಕೊಡ ನೀರು ಕಾಯಬಹುದು! 1845ರಲ್ಲಿ ಇಂಗ್ಲೆಂಡಿನ ಜೂಲ್ ಎಂಬ ವಿಜ್ಞಾನಿ, ಕೆಳಗಿಳಿಯುವ ತೂಕದ ಬಟ್ಟುಗಳಿಂದ ಪಾತ್ರೆಯೊಳಗಿನ ಹುಟ್ಟುಗಳನ್ನು ತಿರುಗಿಸಿ, ನೀರು ಬಿಸಿಯಾಗುವುದನ್ನು ಅಳೆದು ತೋರಿಸಿದ್ದೂ ಇದನ್ನೇ. ಗೇರಿನಲ್ಲಿದ್ದರೆ ಈ ಶಕ್ತಿಯ ದೊಡ್ಡ ಪಾಲನ್ನು ಇಂಜಿನ್ ಹೊತ್ತುಕೊಂಡು ಹೊರಹಾಕುತ್ತದೆ. ನಾನು ಅಷ್ಟನ್ನೂ ಬ್ರೇಕುಗಳ ಮೇಲೆಯೇ ಹೇರಿದ್ದೆ. ಅವು ಮಿತಿಮೀರಿ ಕಾದು, ಒಳಗಿನ ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ, ಕಾಲಿನ ಒತ್ತಡವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲಿಯೇ ವ್ಯಯವಾಗುತ್ತದೆ.

ಅವ್ವನ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇತ್ತು. ಅವಳ ತೋಳಿನ ಶಕ್ತಿ ನಾಶವಾಗಲಿಲ್ಲ. ಕೊಂಬೆಯನ್ನು, ಹಗ್ಗವನ್ನು, ಸುತ್ತಲ ಗಾಳಿಯನ್ನು ತುಸುವೇ ಬೆಚ್ಚಗಾಗಿಸಿ ಹರಡಿಹೋಯಿತು. ಹಾಗೆ ಹರಡಿದುದನ್ನು ಮತ್ತೆ ಒಟ್ಟುಗೂಡಿಸಿ ಉಯ್ಯಾಲೆ ತೂಗಲಾಗದು. ಈಚಿನ ವಿದ್ಯುತ್ ಕಾರುಗಳು ಇಳಿಯುವಾಗ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತವೆ, ನಿಜ. ಪೂರ್ತಿಯಾಗಿ ಅವೂ ಮರಳಿಸಲಾರವು.

ಈಗ ನಾನು ಈ ಪಾಠವನ್ನು ಅಂಗಳದಲ್ಲಿ ಮಾಡುತ್ತೇನೆ. ಮಕ್ಕಳು ಸೈಕಲ್ಲಿನಲ್ಲಿ ದಿಣ್ಣೆಯಿಳಿದು ಬಂದು, ಬ್ರೇಕಿನ ರಬ್ಬರನ್ನು ಮುಟ್ಟಿ ನೋಡಿ, “ಬಿಸಿ ಸಾರ್!” ಎನ್ನುತ್ತಾರೆ. ಅನಂತರವೇ ಕರಿಹಲಗೆಯ ಮೇಲಿನ ವಾಕ್ಯ.

ಅವ್ವ ಈಗಲೂ ನನ್ನೊಡನೆ ಸತ್ಯಮಂಗಲಕ್ಕೆ ಬರುವುದುಂಟು. ದಿಂಬಂ ಬಂದೊಡನೆ, “ಗೇರಾಕ್ದಾ ಮಗಾ?” ಎಂದು ಕೇಳುತ್ತಾಳೆ. “ಹಾಕ್ದೆ ಕಣವ್ವ” ಎಂದು ಹೇಳಿದ ಮೇಲೆಯೇ ನಾನು ಇಳಿಯತೊಡಗುವುದು.