ಕಹಿ ಬೇಡ, ಘಮ ಬೇಕು

ಬಿಯರ್ ಅಂದರೆ ಕಹಿ ಅಂತಲೇ ನಮ್ಮ ಕಡೆ ತಿಳುವಳಿಕೆ. ಆ ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಹಣ್ಣಿನಂಥ ಘಮ ಬರುವುದೂ ಅದೇ ಹೂವಿನಿಂದ. ಹಾಗಿದ್ದರೆ ಘಮ ಉಳಿಸಿಕೊಂಡು ಕಹಿಯನ್ನಷ್ಟೇ ಬಿಡಲು ಬರುತ್ತದಾ? ಈ ಪ್ರಶ್ನೆ ಹಿಡಿದು ನಾವು ನಾಲ್ವರು ಗೆಳೆಯರು ಮೋಮಿನಪುರದ ಚಹಾದಂಗಡಿಯಲ್ಲಿ ಕೂತು ಒಂದು ಪೇಲ್ ಏಲ್‌ನ ಪಾಕ ಬರೆದೆವು. ನಮ್ಮಲ್ಲಿ ಕುಡಿಯುವವರು ಇಬ್ಬರು, ಮುಟ್ಟದವರು ಇಬ್ಬರು. ಉಣ್ಣುವುದು ಮಾತ್ರ ಒಂದೇ ತಾಟಿನಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಇದು ಕಾಗದದ ಮೇಲಿನ ಪಾಕ.

ಕಹಿಯ ಗುಟ್ಟು ಕುದಿಯಲ್ಲಿದೆ. ಹಾಪ್ಸ್‌ನಲ್ಲಿರುವ ಆಲ್ಫಾ ಆಮ್ಲಗಳು ತಾಸುಗಟ್ಟಲೆ ಕುದ್ದಾಗ ರೂಪ ಬದಲಿಸಿ ಕಹಿಯಾಗುತ್ತವೆ. ಘಮದ ಎಣ್ಣೆಗಳು ಅದೇ ಹೊತ್ತಿನಲ್ಲಿ ಹಬೆಯ ಜೊತೆ ಹಾರಿಹೋಗುತ್ತವೆ. ನಾವು ಇದನ್ನು ಚರ್ಚಿಸುತ್ತಿದ್ದರೆ ಅಂಗಡಿಯ ಚಾಚಾ ನಕ್ಕರು. "ಪುಡಿ ಕುದಸಬೇಕ್ರಿ, ಯಾಲಕ್ಕಿ ಕುದಸಬಾರ್ದು. ಇಳಸೂ ಮುಂದ ಹಾಕ್ರಿ, ವಾಸ್ನಿ ನಿಲ್ತದ."

ನಮ್ಮ ಲೆಕ್ಕವೂ ಅಲ್ಲಿಗೇ ಬಂತು. 20 ಲೀಟರಿಗೆ ಮೂರೂವರೆ ಕಿಲೋ ಬಾರ್ಲಿ ಮಾಲ್ಟ್, ಒಂದು ಕಿಲೋ ಜೋಳ. ಕುದಿಯುವಾಗ ಹಾಪ್ಸ್ ಸೊನ್ನೆ. ಒಲೆ ಆರಿಸಿ 80 ಡಿಗ್ರಿಗೆ ಇಳಿದ ಮೇಲೆ 60 ಗ್ರಾಂ ಹಾಕಿ 20 ನಿಮಿಷ ಬಿಡುವುದು. ಹುದುಗು ಮುಗಿದ ಮೇಲೆ ಇನ್ನು 80 ಗ್ರಾಂ ತಣ್ಣಗೇ ಹಾಕಿ ಎರಡು ಮೂರು ದಿನ ಇಡುವುದು. ಐಪಿಎ ಎಂಬ ಬಿಯರಿನ ಕಹಿ 40ರಿಂದ 70 ಅಂಕ ಇರುತ್ತದೆ. ನಮ್ಮದು 20ರೊಳಗೆ ನಿಲ್ಲಬೇಕು ಎಂಬುದು ಆಸೆ.

ಜೋಳ ಸೇರಿಸಿದ್ದು ಊರಿನ ಅಭಿಮಾನಕ್ಕೆ. ಆದರೆ ಅದು ಬಾರ್ಲಿಯಷ್ಟು ಸಲೀಸಲ್ಲ. ಬಾರ್ಲಿಯ ಪಿಷ್ಟ 65 ಡಿಗ್ರಿಯ ಆಸುಪಾಸಿನಲ್ಲೇ ಬಿಚ್ಚಿಕೊಳ್ಳುತ್ತದೆ. ಜೋಳದ್ದಕ್ಕೆ ಹೆಚ್ಚಿನ ಕಾವು ಬೇಕು. ಹಾಗಾಗಿ ಮೊದಲು ಅದನ್ನು ಗಂಜಿಯಂತೆ ಬೇಯಿಸಿಕೊಂಡು, ಆಮೇಲೆ ಬಾರ್ಲಿಗೆ ಕೂಡಿಸಬೇಕು.

ನೀರಿನದು ಇನ್ನೊಂದು ಕಥೆ. ಶಹಾಬಾದ್ ಕಲ್ಲು ಅಂದರೆ ಸುಣ್ಣದಕಲ್ಲು. ಇಂಥ ನೆಲದ ಬೋರ್‌ವೆಲ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆ ಗಡಸು ನೀರಿನಲ್ಲಿ ಇದ್ದಷ್ಟು ಕಹಿಯೂ ನಾಲಿಗೆಗೆ ಒರಟಾಗುತ್ತದೆ. ನೀರನ್ನು ಕುದಿಸಿ, ತಣಿಸಿ, ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡರೆ ಗಡಸು ಸ್ವಲ್ಪ ಇಳಿಯುತ್ತದೆ. ಹುದುಗಿಗೆ 18–20 ಡಿಗ್ರಿ ತಂಪು ಬೇಕು. 40 ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಅದು ಫ್ರಿಜ್ಜಿನೊಳಗೆ ಮಾತ್ರ ಸಾಧ್ಯ.

ಇಷ್ಟೆಲ್ಲ ಬರೆದಾದ ಮೇಲೆ, ಕುಡಿಯದ ಗೆಳೆಯರಲ್ಲೊಬ್ಬ ಕೇಳಿದ: "ಯೀಸ್ಟ್ ತಗದ್ರ ಏನ್ ಉಳೀತದ?"

ನಾವು ಹಾಳೆಯ ಮೇಲೆ ಯೀಸ್ಟಿನ ಸಾಲು ಹೊಡೆದು ನೋಡಿದೆವು. ಧಾನ್ಯ ಉಳಿಯಿತು, ನೀರು ಉಳಿಯಿತು, ಕಡೆಗೆ ಘಮ ಹಾಕುವ ಕ್ರಮ ಉಳಿಯಿತು. ಕಾನೂನಿನ ತೊಡಕು ಹೋಯಿತು, ಮನೆಯಲ್ಲಿ ಮಾಡಲಾರೆವು ಎನ್ನುವುದೂ ಹೋಯಿತು. ಹಾಪ್ಸ್ ನಮ್ಮ ಸಂತೆಯಲ್ಲಿ ಸಿಗುವ ಮಾಲಲ್ಲ. ಅದರ ಜಾಗಕ್ಕೆ ನಿಂಬೆ ಸಿಪ್ಪೆ ಮತ್ತು ಪುದೀನ ಬಂದವು. ನಿಂಬೆ ಸಿಪ್ಪೆಯ ಗುಣವೂ ಹಾಪ್ಸ್‌ನದೇ: ಕುದಿಸಿದರೆ ಕಹಿ, ಇಳಿಸಿ ಮುಚ್ಚಿಟ್ಟರೆ ಘಮ.

ತೆಳ್ಳಗಿನ ಜೋಳದ ಗಂಜಿ ಕಾಸಿ, ಸೋಸಿ, ಒಲೆಯಿಂದಿಳಿಸಿ, ಹಬೆ ತಗ್ಗಿದ ಮೇಲೆ ಎರಡನ್ನೂ ಹಾಕಿ 20 ನಿಮಿಷ ಮುಚ್ಚಿಟ್ಟೆವು. ಮತ್ತೆ ಸೋಸಿ, ಬೆಲ್ಲ, ಚೂರು ಉಪ್ಪು, ನಿಂಬೆ ರಸ ಬೆರೆಸಿ ತಂಪಿಗಿಟ್ಟೆವು. ಅದು ಪೇಲ್ ಏಲ್ ಅಲ್ಲ, ಹಾಗಂತ ಹೇಳಿಕೊಳ್ಳುವುದೂ ಇಲ್ಲ. ಆದರೆ ರಂಜಾನಿನ ಒಂದು ಸಂಜೆ ಉಪವಾಸ ಬಿಡುವ ಹೊತ್ತಿಗೆ ಖರ್ಜೂರದ ಪಕ್ಕ ಆ ತಂಬಿಗೆ ಇಟ್ಟಾಗ, ನಾಲ್ವರೂ ಒಂದೇ ಪಾಕವನ್ನು ಕುಡಿದೆವು. ಕಾಗದದ ಪಾಕ ಕಾಗದದಲ್ಲೇ ಇದೆ. ಈ ತಂಬಿಗೆಯದನ್ನು ನೀವೂ ಮಾಡಬಹುದು.