ಪಂಜಾಬಿ ಬಾಗಿನ ಮೈಸೂರು ಅರಮನೆ

ದೆಹಲಿಯಲ್ಲಿ ಸಂಸಾರ ಹೂಡಿ ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷಗಳಲ್ಲಿ ಊರಿನಿಂದ ಬಂದ ನೆಂಟರಿಷ್ಟರಿಗೆಲ್ಲ ಕೆಂಪುಕೋಟೆಯನ್ನೂ ಕುತುಬ್ ಮಿನಾರನ್ನೂ ತೋರಿಸಿ ತೋರಿಸಿ ನಾವು ಮುಕ್ಕಾಲು ಪಾಲು ಗೈಡುಗಳೇ ಆಗಿಬಿಟ್ಟಿದ್ದೇವೆ. ಸ್ವಂತ ಮಕ್ಕಳನ್ನು ಕಟ್ಟಿಕೊಂಡು ಅವರಿಗಾಗಿಯೇ ಒಂದು ಕಡೆ ಹೋಗಿಬಂದದ್ದು ಮಾತ್ರ ಕಳೆದ ಫೆಬ್ರವರಿಯ ಒಂದು ಭಾನುವಾರ; ಅದೂ ಮೈಸೂರಿಗೆ ಹೋಗಲಾಗದ ತಪ್ಪಿಗೆ ಪ್ರಾಯಶ್ಚಿತ್ತವಾಗಿ.

ದಸರೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಟಿಕೆಟ್ಟೂ ಆಗಿತ್ತು. ರಜೆ ಮಂಜೂರಾಗಲಿಲ್ಲ. ಸಂಕ್ರಾಂತಿಗೆ ಎಂದುಕೊಂಡೆವು, ಆಗಲೂ ಇಲ್ಲ. ಗುಮಾಸ್ತನ ರಜೆಯ ಅರ್ಜಿ ಎಷ್ಟು ಮೇಜುಗಳ ಮೇಲೆ ವಿಶ್ರಾಂತಿ ಪಡೆದು ಹಿಂದಿರುಗುತ್ತದೆಂಬುದು ನಮ್ಮ ಓದುಗರಲ್ಲಿ ಅರ್ಧ ಜನಕ್ಕಾದರೂ ಅನುಭವದ ಮಾತಾದ್ದರಿಂದ ಅದನ್ನು ಬೆಳೆಸುವುದಿಲ್ಲ. ಮೈಸೂರಿನ ಅಗ್ರಹಾರದಲ್ಲಿ ನಮ್ಮ ತಾಯಿಯವರು ಒಬ್ಬರೇ ಇದ್ದಾರೆ. ದೆಹಲಿಯ ಚಳಿಯೂ ಅವರಿಗೆ ಆಗದು, ಸೆಕೆಯೂ ಆಗದು. ನೀರಂತೂ ಮೊದಲೇ ಆಗದು. ಮಗಳು ಪುಟ್ಟಿಗೆ ಇನ್ನೂ ಐದು ತುಂಬಿಲ್ಲ. ಅವಳನ್ನು ಮೈಸೂರಿಗೆ ಕರೆದೊಯ್ದದ್ದು ಮೊದಲನೆಯ ಹುಟ್ಟುಹಬ್ಬಕ್ಕೆ. ಚಿಕ್ಕವನಿಗೆ ಮೂರು, ಅವನು ಅಜ್ಜಿಯನ್ನು ಮೊಬೈಲಿನಲ್ಲಲ್ಲದೆ ಕಂಡವನೇ ಅಲ್ಲ.

ಹೀಗಿರಲು ಒಂದು ಶನಿವಾರ ರಾತ್ರಿ ನಮ್ಮ ಮನೆಯವರು, "ರೀ, ಮೈಸೂರಿಗಂತೂ ಹೋಗೋಕ್ಕಾಗಲಿಲ್ಲ. ಪಂಜಾಬಿ ಬಾಗಲ್ಲಿ ಮೈಸೂರು ಅರಮನೆ ಕಟ್ಟಿದ್ದಾರಂತೆ. ಅದನ್ನಾದರೂ ಮಕ್ಕಳಿಗೆ ತೋರಿಸಿಕೊಂಡು ಬರೋಣ" ಎಂದರು. ಮಾತಿನಲ್ಲಿ ಸ್ವಲ್ಪ ಕುಟುಕು ಇದ್ದಂತೆ ತೋರಿತು. ಆದರೂ ಸಲಹೆ ಒಳ್ಳೆಯದೇ.

ಪಂಜಾಬಿ ಬಾಗಿನ ಆ ತಾಣದ ಹೆಸರು 'ಭಾರತ ದರ್ಶನ ಪಾರ್ಕು'. 2021ರ ಡಿಸೆಂಬರಿನಲ್ಲಿ ತೆರೆದದ್ದು. ಇದಕ್ಕೆ ಮೊದಲು, 2019ರಲ್ಲಿ, ಆಗಿನ ದಕ್ಷಿಣ ದೆಹಲಿ ನಗರಪಾಲಿಕೆಯವರು ಸರಾಯ್ ಕಾಲೇ ಖಾನಿನ ಬಳಿ ಗುಜರಿ ಸಾಮಾನಿನಿಂದಲೇ ಜಗತ್ತಿನ ಏಳು ಅದ್ಭುತಗಳನ್ನು ಮಾಡಿ ನಿಲ್ಲಿಸಿದ್ದರು. ಜನ ಮುಗಿಬಿದ್ದು ನೋಡಿದರು. ಅದೇ ಹುರುಪಿನಲ್ಲಿ ನಮ್ಮ ದೇಶದ ಹೆಸರಾಂತ ಕಟ್ಟಡಗಳನ್ನೂ ಮಾಡಿಸಿದರು. 2022ರಲ್ಲಿ ದೆಹಲಿಯ ಮೂರು ಪಾಲಿಕೆಗಳೂ ಒಂದಾದವು. ಪಾರ್ಕು ಈಗ ಒಂದೇ ಪಾಲಿಕೆಯ ಸ್ವತ್ತು. ಸುಮಾರು ಎಂಟೂವರೆ ಎಕರೆ ಜಾಗ, ಸುಮಾರು 350 ಟನ್ ಹಳೆಯ ಕಬ್ಬಿಣ. ಅದರಲ್ಲಿ ತಾಜಮಹಲು, ಚಾರ್ ಮಿನಾರ್, ಕೋನಾರ್ಕ, ಹಂಪೆ, ಮತ್ತು ನಮ್ಮ ಅರಮನೆ.

ಮಧ್ಯಾಹ್ನ ಊಟ ಮುಗಿಸಿ, ಚಿಕ್ಕವನಿಗೆ ಒಂದು ನಿದ್ದೆ ಮಾಡಿಸಿ ಹೊರಟೆವು. ಈ ನಿದ್ದೆಯನ್ನು ತಪ್ಪಿಸಬಾರದೆಂಬುದು ಅನುಭವದಿಂದ ಬಂದ ಜ್ಞಾನ. ಪುಟ್ಟಿ ಶಾಲೆಯ ಚೀಲವನ್ನು ಹೆಗಲಿಗೇರಿಸಿಕೊಂಡು ನಿಂತಿದ್ದಳು. ಭಾನುವಾರ ಚೀಲವೇಕಮ್ಮಾ ಎಂದರೆ, "ಬೇಕು" ಎಂದಳು. ಚೀಲವನ್ನು ಕೊನೆಗೆ ಹೊರುವವರು ಯಾರೆಂದು ನಮಗೆ ಗೊತ್ತಿತ್ತು. ಆದರೂ ಬಾಗಿಲಲ್ಲಿ ಅಳಿಸಿ ಹೊರಡುವುದು ಬೇಡವೆಂದು ಸುಮ್ಮನಾದೆವು.

ರಾಮಕೃಷ್ಣಪುರದ ನಮ್ಮ ಕ್ವಾರ್ಟರ್ಸಿಗೆ ಅನುಕೂಲವಾದದ್ದು ಭಿಕಾಜಿ ಕಾಮಾ ಪ್ಲೇಸ್ ನಿಲ್ದಾಣ. ಮೆಟ್ರೋದಲ್ಲಿ ತೊಂಬತ್ತು ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿ ಟಿಕೆಟ್ಟಿಲ್ಲ. ಚಿಕ್ಕವನು ಬೆನ್ನು ನೆಟ್ಟಗೆ ಮಾಡಿ, "ನಾನು ದೊಡ್ಡವನು, ನನಗೂ ಟಿಕೆಟ್ಟು" ಎಂದು ಹಟ ಹಿಡಿದ. ಸರ್ಕಾರಕ್ಕೆ ತಾನಾಗಿ ಹಣ ಕಟ್ಟುತ್ತೇನೆಂದು ಹಟ ಹಿಡಿದ ಪ್ರಜೆಯನ್ನು ನಾವು ನಮ್ಮ ಸರ್ವೀಸಿನಲ್ಲಿ ಕಂಡದ್ದು ಅದೇ ಮೊದಲು.

ಈ ದಾರಿಯಲ್ಲಿ ಮುಂದಿನ ನಿಲ್ದಾಣ 'ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್'. ರೈಲಿನ ಧ್ವನಿವರ್ಧಕ ಆ ಹೆಸರನ್ನು ಹೇಳುವಾಗ ನಾವು ಪ್ರತಿ ಸಲವೂ ಸ್ವಲ್ಪ ನೆಟ್ಟಗೆ ಕೂರುತ್ತೇವೆ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದದ್ದು 1912ರಲ್ಲಿ. ಈಗಿನ ಅರಮನೆಯ ಕಟ್ಟಡ ಮುಗಿದದ್ದೂ ಅದೇ ವರ್ಷ. ಇದನ್ನು ಮಕ್ಕಳಿಗೆ ಹೇಳಬೇಕೆಂದು ಬಾಯಿ ತೆರೆದೆವು. ಅಷ್ಟರಲ್ಲಿ ರೈಲು ಧೌಲಾ ಕುವಾದ ಹತ್ತಿರ ನೆಲದಿಂದ ಇಪ್ಪತ್ತಮೂರು ಮೀಟರಿಗೂ ಮೇಲೆ ಹೋಗುತ್ತಿತ್ತು. ಕೆಳಗೆ ಬಸ್ಸುಗಳು ಬೆಂಕಿಪೆಟ್ಟಿಗೆಗಳಾಗಿದ್ದವು. ವಿಶ್ವೇಶ್ವರಯ್ಯನವರು ಮುಂದಿನ ಸಲಕ್ಕೆ ಉಳಿದರು. ನಾರಾಯಣಾ ದಾಟಿದರೆ ಮಾಯಾಪುರಿ. ಮುರಿದ ಮೋಟಾರುಗಳ ಬಿಡಿಭಾಗಕ್ಕೆ ಉತ್ತರ ಹಿಂದೂಸ್ಥಾನದಲ್ಲೆಲ್ಲ ಹೆಸರಾದ ಪೇಟೆ ಅದು. ಗುಜರಿಯ ಅರಮನೆಗೆ ಹೋಗುವ ದಾರಿ ಗುಜರಿಯ ಪೇಟೆಯ ಮೇಲೆಯೇ ಹಾದುಹೋಗುವುದು ಉಚಿತವಾಗಿಯೇ ಇದೆ. ಪಂಜಾಬಿ ಬಾಗ್ ವೆಸ್ಟಿನಲ್ಲಿ ಇಳಿದು ಆಟೋ ಹಿಡಿದೆವು.

ಒಳಗೆ ಹೋದಮೇಲೆ ನಾವು ಕಂಡದ್ದು ಒಂದು, ಮಕ್ಕಳು ಕಂಡದ್ದು ಇನ್ನೊಂದು. ನಮ್ಮ ಕಛೇರಿಯಲ್ಲಿ ನಿರುಪಯೋಗಿ ಸಾಮಾನುಗಳ ಪಟ್ಟಿ ಮಾಡುವ ಕೆಲಸ ನಮ್ಮದು. ಕಾಲು ಮುರಿದ ಕುರ್ಚಿ ಇಷ್ಟು, ತಿರುಗದ ಪಂಖ ಇಷ್ಟು ಎಂದು ಬರೆದು ಹರಾಜಿಗೆ ಕಳಿಸಿದ ಮೇಲೆ ಅವು ಏನಾಗುತ್ತವೆಂದು ಎಂದೂ ಯೋಚಿಸಿದವರಲ್ಲ. ಇಲ್ಲಿ ಹಲ್ಲುಚಕ್ರ, ಸರಪಳಿ, ಕೊಳವೆ, ಸರಳು, ತಗಡು ಎಲ್ಲವೂ ಕಮಾನಾಗಿ ಗೋಪುರವಾಗಿ ನಿಂತಿದ್ದವು. ಹತ್ತಿರ ಹೋದರೆ ಸಾಮಾನು, ದೂರ ಸರಿದರೆ ಗುಡಿ. ವೃತ್ತಿಯ ಮಮತೆಯಿಂದ ಒಂದೊಂದನ್ನೂ ಗುರುತು ಹಿಡಿಯುತ್ತ ನಿಂತೆವು. ಹಿಂದಿನಿಂದ ಮನೆಯವರ ಧ್ವನಿ: "ಪಟ್ಟಿ ನಾಳೆ ಮಾಡಿ. ಮಗು ಎಲ್ಲಿ?"

ಮಗು ತೋಟದ ಮಾಲಿಯ ಬಳಿ ಇದ್ದ. ಮಾಲಿ ರಬ್ಬರು ಕೊಳವೆಯಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ. ಕೊಳವೆಯಲ್ಲಿ ಒಂದು ತೂತು. ಅದರಿಂದ ಸಣ್ಣ ಕಾರಂಜಿ. ದೇಶದ ಶಿಲ್ಪವೈಭವವೆಲ್ಲ ಸುತ್ತ ನಿಂತಿರಲು ಚಿಕ್ಕವನು ಆ ತೂತಿನ ಮುಂದೆ ಅರ್ಧ ಗಂಟೆ ಕುಕ್ಕುರುಗಾಲಲ್ಲಿ ಕುಳಿತ. ಮಾಲಿ ಬಿಹಾರದ ಕಡೆಯವನು. ತನಗೂ ಊರಿನಲ್ಲಿ ಇಷ್ಟೇ ಎತ್ತರದ ಮಗನಿದ್ದಾನೆಂದು ಕೈಯಿಂದ ಅಳತೆ ತೋರಿಸಿದ. ಆಮೇಲೆ ಸ್ವಲ್ಪ ಯೋಚಿಸಿ ಕೈಯನ್ನು ಎರಡು ಅಂಗುಲ ಮೇಲಕ್ಕೆತ್ತಿದ.

ಇಂಥ ಕಡೆ ಪುಟ್ಟ ಮಕ್ಕಳನ್ನು ಕರೆದೊಯ್ಯುವವರಿಗೆ ನಮ್ಮದೊಂದು ಬಿನ್ನಹ: ಎಲ್ಲವನ್ನೂ ತೋರಿಸುವ ಸಂಕಲ್ಪವನ್ನು ಮನೆಯಲ್ಲೇ ಬಿಟ್ಟುಬನ್ನಿ. ಒಂದು ಜೊತೆ ಚಡ್ಡಿ ಹೆಚ್ಚಿಗೆ ತನ್ನಿ. ಮೇ-ಜೂನ್ ತಿಂಗಳ ಹಗಲಿನಲ್ಲಿ ಮಾತ್ರ ಸರ್ವಥಾ ಬೇಡ. ದೆಹಲಿಯ ಬಿಸಿಲಿಗೆ ಕಬ್ಬಿಣ ದೋಸೆಯ ಕಾವಲಿಯಾಗುತ್ತದೆ, ಮಕ್ಕಳೋ ಮುಟ್ಟದೆ ನೋಡುವ ಜಾತಿಯಲ್ಲ. ಸಂಜೆ ನಾಲ್ಕರ ಮೇಲೆ ಬಂದು ದೀಪ ಹಚ್ಚುವ ತನಕ ಇರುವುದೇ ಸರಿ.

ಚಿಕ್ಕವನನ್ನು ನೀರಿನಿಂದ ಬಿಡಿಸಿಕೊಂಡು ಅರಮನೆಯ ಮುಂದೆ ಬರುವಾಗ ಹೊತ್ತು ಇಳಿದಿತ್ತು. ಏನೇ ಅನ್ನಿ, ಹೊರನಾಡಿನಲ್ಲಿ ಆ ಗುಮ್ಮಟಗಳ ಸಾಲನ್ನು ಕಂಡರೆ ಎದೆ ಒಮ್ಮೆ ಹೊರಳುತ್ತದೆ. ತಗಡಿನದಾದರೇನು! ನಮಗೆ ಉಪನ್ಯಾಸದ ಆವೇಶ ಬಂತು. ಹಿಂದೆ ಇದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟದ್ದು, ಹೆನ್ರಿ ಇರ್ವಿನ್ ಎಂಬವನು ಹೊಸದರ ನಕ್ಷೆ ಬರೆದದ್ದು, ಕಟ್ಟಲು ಹದಿನೈದು ವರ್ಷ ಹಿಡಿದದ್ದು, ಅದಕ್ಕೆ ಭಾನುವಾರ ಸಂಜೆ ಸುಮಾರು 97 ಸಾವಿರ ದೀಪ ಹತ್ತುವುದು ಎಲ್ಲವನ್ನೂ ಹೇಳಿದೆವು. ಪಕ್ಕದಲ್ಲಿ ನಿಂತಿದ್ದ ಒಬ್ಬ ಸರ್ದಾರ್‌ಜಿ, ಭಾಷೆ ತಿಳಿಯದಿದ್ದರೂ, ಗೌರವದಿಂದ ಕೇಳಿದರು. ಪುಟ್ಟಿ ಕೇಳಲಿಲ್ಲ. ಅವಳು ಅಲ್ಲಿರಲೇ ಇಲ್ಲ.

ಅರಮನೆಯ ಹಿಂಭಾಗದಲ್ಲಿ ಸಿಕ್ಕಳು. ಚೀಲವನ್ನು ಎದೆಗೆ ಅವುಚಿಕೊಂಡು ಬೇಲಿಯ ಕಡೆ ನೋಡುತ್ತಿದ್ದಳು. "ಇಲ್ಲೇನು ಮಾಡ್ತಿದ್ದೀಯಾ ಪುಟ್ಟಿ?"

"ಅಜ್ಜಿ ಮನೆ ಎಲ್ಲಪ್ಪಾ?"

ಮೊದಲು ನಮಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಯಿ ಕಟ್ಟಿತು. ಅಜ್ಜಿಯ ಮನೆ ಎಲ್ಲಿ ಎಂದು ಅವಳು ಕೇಳಿದಾಗಲೆಲ್ಲ, ಮೈಸೂರಿನಲ್ಲಿ, ಅರಮನೆ ಹತ್ತಿರ ಎಂದು ಹೇಳುತ್ತ ಬಂದವರು ನಾವೇ. ಭಾನುವಾರ ಸಂಜೆ ಅಜ್ಜಿಯೂ ಫೋನಿನಲ್ಲಿ, "ಅರಮನೆ ದೀಪ ಹತ್ತಿತು ನೋಡು ಮಗು, ಮಹಡಿಗೆ ಬಂದಿದ್ದೀನಿ" ಎನ್ನುವರು. ಈ ದಿನ ಬೆಳಿಗ್ಗೆ ಎದ್ದಕೂಡಲೆ ನಾವು ಹೇಳಿದ್ದೇನು? "ಇವತ್ತು ಮೈಸೂರು ಅರಮನೆಗೆ ಹೋಗೋಣ." ಅದರಿಂದ ಅವಳು ಮಾಡಿಕೊಂಡ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಮನೆಯವರು ಚೀಲ ಬಿಚ್ಚಿದರು. ಶಾಲೆಯಲ್ಲಿ ಬರೆದ ಒಂದು ಚಿತ್ರ: ಕೆಂಪು ಸೀರೆಯ ಅಜ್ಜಿ, ಸೂರ್ಯ, ಆರು ಕಾಲಿನ ಹಸು. ಎರಡು ಗ್ಲೂಕೋಸ್ ಬಿಸ್ಕತ್ತು. ರಾತ್ರಿ ಉಳಿದುಕೊಳ್ಳುವುದಕ್ಕೆಂದು ಅವಳದೊಂದು ಫ್ರಾಕು, ತಮ್ಮನದೊಂದು ಬನಿಯನ್ನು. ಫ್ರಾಕನ್ನು ಅವಳೇ ಮಡಿಸಿದ್ದಳೆಂದು ಕಾಣುತ್ತದೆ, ಉಂಡೆಯಾಗಿತ್ತು.

ಇದು ಬೇರೆ ಅರಮನೆಯಮ್ಮ, ಸುಳ್ಳು ಅರಮನೆ ಎಂದೆವು. ಅದು ಇನ್ನೂ ಕೆಟ್ಟಿತು. "ಸುಳ್ಳು ಯಾಕೆ ಹೇಳಿದೆ?" ಎಂದು ಕೇಳಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಾಗಿತ್ತು, ಅಳಲಿಲ್ಲ. ಚಿಕ್ಕವನು ಒದ್ದೆ ಚಡ್ಡಿಯಲ್ಲಿ ಅವಳ ಪಕ್ಕ ನಿಂತು ಒಂದೊಂದು ಸಲ ಒಬ್ಬೊಬ್ಬರ ಮುಖ ನೋಡಿದ. ಮನೆಯವರು ನಮ್ಮನ್ನು ನೋಡಿದರು. ಪ್ರಾಯಶ್ಚಿತ್ತವೆಂದು ಹೊರಟದ್ದು ಎರಡನೆಯ ತಪ್ಪಾಗಿ ಕುಳಿತಿತ್ತು.

ಆಗ ದೀಪ ಹತ್ತಿತು. ಒಂದೊಂದಾಗಿ ಅಲ್ಲ, ಒಮ್ಮೆಗೇ. ತುಕ್ಕಿನ ಬಣ್ಣವೆಲ್ಲ ಹಿಂದೆ ಸರಿದು ಗುಮ್ಮಟಗಳು ಮುಂದೆ ಬಂದವು. ಗಡಿಯಾರ ನೋಡಿದೆವು, ಏಳಕ್ಕೆ ಐದು ನಿಮಿಷ. ಭಾನುವಾರ. ಬೇರೇನೂ ತೋಚದೆ ಅಮ್ಮನಿಗೆ ಫೋನು ಮಾಡಿ ಪುಟ್ಟಿಯ ಕೈಗೆ ಕೊಟ್ಟೆವು.

"ಅಜ್ಜೀ, ನಾನು ಅರಮನೆ ಹತ್ತಿರ ಇದ್ದೀನಿ. ನೀನು ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿನ್ನೆಲೆಯಲ್ಲಿ ಯಾರದೋ ಸ್ಕೂಟರು ಹೋದ ಸದ್ದು. ನಮಗೆ ವಿವರಿಸಬೇಕೆನಿಸಿತು, ಮನೆಯವರು ತೋಳು ಹಿಡಿದು ತಡೆದರು. ಅಮ್ಮ ಕಷ್ಟಪಟ್ಟು ಮೆಟ್ಟಿಲು ಹತ್ತುತ್ತಿರುವುದು ಉಸಿರಿನಲ್ಲೇ ತಿಳಿಯುತ್ತಿತ್ತು.

"ನಾನೂ ಅರಮನೆ ಹತ್ತಿರಾನೇ ಇದ್ದೀನಿ ಮಗು. ನಿನ್ನ ಅರಮನೇಲಿ ದೀಪ ಹತ್ತಿದೆಯಾ?"

"ಹತ್ತಿದೆ."

"ಇಲ್ಲಿನ್ನೂ ಹತ್ತಿಲ್ಲ. ಇರು, ಇಡಬೇಡ ಫೋನು. ಈಗ ಹತ್ತುತ್ತೆ."

ಅಜ್ಜಿ ಮೊಮ್ಮಗಳು ಇಬ್ಬರೂ ಕಾದರು. ನಾವೂ ಕಾದೆವು. ಚಿಕ್ಕವನು ಬಿಸ್ಕತ್ತುಗಳಲ್ಲಿ ಒಂದನ್ನು ತಿಂದು ಮುಗಿಸಿದ. ಕೊನೆಗೆ ಮೊಬೈಲಿನ ಚಿತ್ರ ಅಲುಗಿತು. ಅಮ್ಮ ಮೊಬೈಲನ್ನು ತಿರುಗಿಸಿ ಹಿಡಿದಿದ್ದರು. ಅಕ್ಕಪಕ್ಕದ ಮಹಡಿಗಳು, ನೀರಿನ ತೊಟ್ಟಿ, ತೆಂಗಿನ ಮರ, ಅವುಗಳ ಹಿಂದೆ ಹೊಂಬಣ್ಣದ ಬೆಳಕು. ಅರಮನೆ ಕಾಣುವುದಿಲ್ಲ, ಅದರ ಬೆಳಕು ಮಾತ್ರ ಕಾಣುತ್ತದೆ. ಪುಟ್ಟಿ ಅದನ್ನು ನೋಡಿದಳು, ತಲೆಯೆತ್ತಿ ತನ್ನ ಮುಂದಿನದನ್ನು ನೋಡಿದಳು.

"ನಿಂದು ದೂರ ಇದೆ" ಎಂದಳು.

"ಹೌದು ಮಗು, ದೂರ ಇದೆ."

"ಎಷ್ಟು?"

"ಎರಡು ರಾತ್ರಿ ರೈಲಲ್ಲಿ ಮಲಗಬೇಕು. ನಿಮ್ಮಪ್ಪನ್ನ ಕೇಳು."

ಹಿಂದಿರುಗುವಾಗ ಮೆಟ್ರೋದಲ್ಲಿ ಇಬ್ಬರೂ ನಿದ್ದೆ ಹೋದರು. ಚೀಲ ನಿರೀಕ್ಷಿಸಿದ್ದಂತೆಯೇ ನಮ್ಮ ಹೆಗಲಿಗೆ ಬಂದಿತ್ತು. ಮೋತಿ ಬಾಗಿನಲ್ಲಿ ಧ್ವನಿವರ್ಧಕ ವಿಶ್ವೇಶ್ವರಯ್ಯನವರ ಹೆಸರು ಕೂಗಿದಾಗ, ತೊಡೆಯ ಮೇಲೆ ಮಗು ಮಲಗಿದ್ದರಿಂದ, ನೆಟ್ಟಗೆ ಕೂರಲಾಗಲಿಲ್ಲ.

ಚಿತ್ರವನ್ನು ಅಂಚೆಗೆ ಹಾಕೋಣವೆಂದರೆ ಪುಟ್ಟಿ ಒಪ್ಪಲಿಲ್ಲ, ತಾನೇ ಕೊಡುವಳಂತೆ. ಬೀರುವಿನಲ್ಲಿ ಮನೆಯವರ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೇವೆ. ಸೋಮವಾರ ಕಛೇರಿಗೆ ಹೋದವರೇ ರಜೆಯ ಅರ್ಜಿಯನ್ನು ಮತ್ತೆ ಬರೆದೆವು. ಕಾರಣ ಎಂಬ ಜಾಗದಲ್ಲಿ ಇಷ್ಟು ವರ್ಷವೂ 'ಸ್ವಂತ ಕೆಲಸ' ಎಂದು ಬರೆಯುವುದು ವಾಡಿಕೆ. ಈ ಸಲ 'ಮಕ್ಕಳಿಗೆ ಅಜ್ಜಿಯನ್ನು ತೋರಿಸಲು' ಎಂದು ಬರೆದೆವು. ಅರ್ಜಿ ಈಗ ಎರಡನೆಯ ಮೇಜಿನಲ್ಲಿದೆ.