ಬಿಸಿಲಿಗೆ ಬರುವ ರೋಗ

ಡಾಕ್ಟರರ ಮುಂದೆ ಮಾತ್ರ ಮಾಯವಾಗುವ ರೋಗಗಳು ನನಗೆ ಹೊಸವಲ್ಲ. ಪ್ರಾರ್ಥನೆಯ ಹೊತ್ತಿಗೆ ಹೊಟ್ಟೆನೋವೆಂದು ಅಳುವ ಹುಡುಗ ಆಟದ ಗಂಟೆ ಹೊಡೆದೊಡನೆ ಎಲ್ಲರಿಗಿಂತ ಮುಂದೆ ಓಡುವುದನ್ನು ಎಷ್ಟೋ ವರ್ಷ ನೋಡಿದವಳು ನಾನು. ಆದರೆ ನಮ್ಮ ಹಳೆಯ ಕಾರೂ ಈ ವಿದ್ಯೆ ಕಲಿತೀತೆಂದು ಎಣಿಸಿರಲಿಲ್ಲ.

ಮನೆ ರಾಯಚೂರಿನಲ್ಲಿ, ಶಾಲೆ ದೇವದುರ್ಗದಲ್ಲಿ, ಅವ್ವ ಒಬ್ಬಳೇ ಮಾನ್ವಿಯಲ್ಲಿ. ಈ ಮೂರೂ ಊರುಗಳನ್ನು ಒಂದೇ ದಿನ ಮುಟ್ಟಿಬರಲೆಂದೇ ಐವತ್ತು ದಾಟಿದ ಮೇಲೆ ಕಾರು ನಡೆಸಲು ಕಲಿತೆ. ಮಾರ್ಚಿ ತಿಂಗಳ ಒಂದು ದಿನ ಶಾಲೆ ಬಿಟ್ಟು ಬಂದು ಕೀಲಿ ತಿರುವಿದರೆ 'ಟಿಕ್' ಎಂದಿತು, ಅಷ್ಟೇ. ತಂಪು ಹೊತ್ತಾದ ಮೇಲೆ ಏನೂ ಆಗದಂತೆ ಹೊರಟಿತು. ಮರುದಿನ ಬೆಳಿಗ್ಗೆ ರಾಯಚೂರಿನ ಗ್ಯಾರೇಜಿನಲ್ಲಿ ಹತ್ತು ಸಲ ತಿರುವಿದರೆ ಹತ್ತು ಸಲವೂ ಚಾಲೂ! ಹೊಸ ಬ್ಯಾಟರಿ ಹಾಕಿಸಿದೆ. ಸೆಲ್ಫ್ ಮೋಟಾರು ಬಿಚ್ಚಿ ಕಟ್ಟಿದರು. ಮತ್ತೆ ಟಿಕ್. ಕೊನೆಗೆ ಗ್ಯಾರೇಜಿನವನು ನನ್ನನ್ನು ಬಿಟ್ಟು ನಮ್ಮ ಮನೆಯವರ ಕಡೆ ತಿರುಗಿ, "ಅಕ್ಕೋರಿಗೆ ಕೀಲಿ ತಿರುವಾಕ ಬರಂಗಿಲ್ಲೇನ್ರಿ?" ಎಂದ. ಮನೆಯವರು ನಕ್ಕರು. ಆ ನಗೆ ನನಗೆ ಬ್ಯಾಟರಿಗಿಂತ ತುಟ್ಟಿಯಾಯಿತು. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ನಾಡಿಗೆ ಕರೆಂಟು ಕೊಡುವ ಜಿಲ್ಲೆಯವಳಿಗೆ 12 ವೋಲ್ಟು ದಕ್ಕಲಿಲ್ಲ!

ಒಂದು ಮಧ್ಯಾಹ್ನ ಮಾನ್ವಿಯಿಂದ ಫೋನು: ಅವ್ವ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಓಡಿಬಂದು ಕೀಲಿ ತಿರುವಿದೆ. ಟಿಕ್. ಬಸ್ಸು ಹಿಡಿದು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಕೈ ಊದಿಸಿಕೊಂಡು ಕುಳಿತಿದ್ದ ಅವ್ವ, "ಆ ಕಾರು ಮಾರಿಬಿಡವ್ವ. ಅದನ್ನ ನಂಬಿ ನಾ ದಾರಿ ನೋಡೋದು ಬ್ಯಾಡ" ಎಂದಳು.

ಮರುದಿನದಿಂದ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯತೊಡಗಿದೆ. ಯಾವ ಊರು, ಎಷ್ಟು ಗಂಟೆ, ನೆರಳೋ ಬಿಸಿಲೋ, ದೀಪ ಉರಿಯಿತೋ, ಹಾರ್ನ್ ಕೂಗಿತೋ. ಎರಡು ವಾರದಲ್ಲಿ ಆರು ಟಿಕ್. ಆರೂ ಬಿಸಿಲಲ್ಲಿ ನಿಂತ ಮೇಲೆ. ಬೆಳಿಗ್ಗೆ ಒಂದೂ ಇಲ್ಲ. ದೀಪ ಉರಿಯುತ್ತಿತ್ತು, ಸೆಲ್ಫ್ ಒತ್ತಿದೊಡನೆ ಮಾತ್ರ ಮಂಕಾಗುತ್ತಿತ್ತು.

ಮಾನ್ವಿಯಲ್ಲಿ ಲಾರಿಗಳ ವೈರಿಂಗ್ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರು ಕನ್ನಡಕ ಏರಿಸಿ ಎರಡೂ ಹಾಳೆ ಓದಿದರು. "ಬಾನೆಟ್ ಈಗ ತೆಗೆಯೋದಿಲ್ರಿ ಅಕ್ಕೋರೆ. ಬಿಸಿಲಾಗ ನಿಲ್ಲಿಸ್ರಿ, ರೋಗ ಬರಲಿ" ಎಂದರು. ಎರಡು ತಾಸಿನ ಮೇಲೆ ರೋಗ ಬಂತು. ನನ್ನ ಜನ್ಮದಲ್ಲಿ ಕಾರು ಕೆಟ್ಟದ್ದಕ್ಕೆ ಖುಷಿಪಟ್ಟದ್ದು ಅದೊಂದೇ ಸಲ.

ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಕಬ್ಬಿಣಕ್ಕೆ ಹಿಡಿದು, ನನಗೆ ಕೀಲಿ ತಿರುವಲು ಹೇಳಿದರು. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು 3 ದಾಟಿತ್ತು. ಕಪ್ಪು ಅರ್ತಿಂಗ್ ವೈರನ್ನು ಚಾಕುವಿನಿಂದ ಸೀಳಿದರು. ಮೇಲೆ ಗಟ್ಟಿ ರಬ್ಬರು. ಒಳಗೆ ತಾಮ್ರದ ಎಳೆಗಳು ಹಸಿರು ಹಿಟ್ಟಾಗಿ ನಾಲ್ಕೈದು ಮಾತ್ರ ಉಳಿದಿದ್ದವು. ದೀಪಗಳಿಗೆ ಹತ್ತು ಆಂಪಿಯರ್ ಸಾಕಂತೆ, ಆ ನಾಲ್ಕೈದು ಎಳೆ ಅದನ್ನು ಹೊತ್ತಾವು. ಸೆಲ್ಫ್ ಮೋಟಾರು ನೂರಕ್ಕೂ ಮೇಲೆ ಕೇಳುತ್ತದೆ. ಅದರಲ್ಲೂ ಬಿಸಿಲಿಗೆ ಕಾದು ಎಳೆಗಳ ಹಿಡಿತ ಸಡಿಲಿದರೆ ಮುಗಿಯಿತು. ದೀಪ ಉರಿಯುತ್ತಿದೆಯಲ್ಲ, ವೈರ್ ಸರಿಯಿದೆ ಎಂದೇ ಎಲ್ಲರೂ ಅಂದುಕೊಂಡಿದ್ದರು, ನಾನೂ.

ಹೊಸ ವೈರಿಗೆ ಬಿದ್ದ ಖರ್ಚು ಹೇಳಿಕೊಳ್ಳುವಂಥದ್ದಲ್ಲ. ಹಾಳೆಗಳನ್ನು ಮನೆಯವರ ಊಟದ ತಟ್ಟೆಯ ಪಕ್ಕದಲ್ಲಿಟ್ಟೆ. ಓದಿದರು, ನಗಲಿಲ್ಲ.

ಮುಂದಿನ ಶನಿವಾರ ಸುಡುಬಿಸಿಲಲ್ಲಿ ಅವ್ವನ ಬಾಗಿಲ ಮುಂದೆ ಕಾರು ನಿಲ್ಲಿಸಿ, ಆರಿಸಿ, ಮತ್ತೆ ಚಾಲೂ ಮಾಡಿದೆ. ಮತ್ತೊಮ್ಮೆ. ಮಗದೊಮ್ಮೆ. ಅವ್ವ ಹೊಸ್ತಿಲಿಗೆ ಬಂದು ನಿಂತಳು.

"ಯಾಕವ್ವ, ಈಗ ಬಂದು ಈಗ ಹೊಂಟೆಯೇನ?"